ಸ್ಟಿಕ್ಕರ್ ಬಿಡಿ, ಚಿಪ್ ನೋಡಿ

2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಏರಿದ್ದೇ ತಡ, ಹಳೆಯ ಪ್ರಶ್ನೆಯೊಂದು ಮತ್ತೆ ಎದ್ದು ಕೂತಿದೆ. ಡ್ರಾಯರಿನಲ್ಲಿ ಬಿದ್ದಿರುವ 8 ಜಿಬಿಯ ಕಿಂಗ್‌ಸ್ಟನ್ ಸ್ಟಿಕ್ಕನ್ನು, ಈಗಾಗಲೇ ಓಡುತ್ತಿರುವ ಕೋರ್ಸೇರ್ ಸ್ಟಿಕ್ಕಿನ ಜತೆ ಹಾಕಬಹುದೇ? ಕಾರ್ಖಾನೆಗಳೆಲ್ಲ ಎಐ ಸರ್ವರುಗಳ ಮೆಮೊರಿಯತ್ತ ಮುಖ ಮಾಡಿವೆ. ಮೈಕ್ರಾನ್ ಕಂಪನಿಯಂತೂ ಆ ಡಿಸೆಂಬರಿನಲ್ಲೇ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯಾಪಾರವನ್ನು ಮುಚ್ಚುವುದಾಗಿ ಸಾರಿತು. ಇಂಥ ಹೊತ್ತಿನಲ್ಲಿ ‘ಎಲ್ಲ ಕಿತ್ತು ಹೊಸ ಕಿಟ್ ಹಾಕಿ’ ಎಂದು ಹೇಳಲು ನನಗೆ ಮನಸ್ಸಿಲ್ಲ. ಹಾಕಬಹುದು ಎನ್ನುವುದೇ ನನ್ನ ಉತ್ತರ. ಬ್ರ್ಯಾಂಡ್ ಬೇರೆ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಸ್ಟಿಕ್ಕನ್ನು ಮೂಲೆಗೆಸೆಯುವುದು ತಪ್ಪು.

‘ಒಂದೇ ಬ್ರ್ಯಾಂಡ್’ ಪಂಥದವರ ಜತೆ ನನ್ನ ಜಗಳ ಹಳೆಯದು. ಕೋರ್ಸೇರ್ ಜತೆ ಕೋರ್ಸೇರ್, ಜಿ.ಸ್ಕಿಲ್ ಜತೆ ಜಿ.ಸ್ಕಿಲ್ ಎನ್ನುವ ಅವರ ಮಾತಿನ ಹಿಂದೆ, ಈ ಕಂಪನಿಗಳೇ ಮೆಮೊರಿ ಚಿಪ್ ತಯಾರಿಸುತ್ತವೆ ಎಂಬ ಊಹೆ ಇದೆ. ಅವು ತಯಾರಿಸುವುದಿಲ್ಲ. ಜಗತ್ತಿನ ಡಿರ‍್ಯಾಮ್ ಚಿಪ್ಪುಗಳಲ್ಲಿ ಬಹುಪಾಲು ಬರುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಮನೆಗಳಿಂದ. ಇಂಥದೇ ಚಿಪ್ ಮಾಡುತ್ತಿದ್ದ ಜರ್ಮನಿಯ ಕಿಮೊಂಡಾ 2009ರಲ್ಲಿ ದಿವಾಳಿಯಾಯಿತು. ಜಪಾನಿನ ಎಲ್ಪಿಡಾ 2012ರಲ್ಲಿ ಕುಸಿದು ಮರುವರ್ಷ ಮೈಕ್ರಾನ್ ಪಾಲಾಯಿತು. ಉಳಿದ ಈ ಮೂವರಿಂದ ಚಿಪ್ ಕೊಂಡು, ಹಸಿರು ಅಥವಾ ಕಪ್ಪು ಬೋರ್ಡಿಗೆ ಕೂರಿಸಿ, ಮೇಲೊಂದು ಲೋಹದ ಕವಚ ತೊಡಿಸಿ ಮಾರುವವರೇ ಕಿಂಗ್‌ಸ್ಟನ್, ಕೋರ್ಸೇರ್, ಜಿ.ಸ್ಕಿಲ್ ಎಲ್ಲರೂ. ಎರಡು ಬೇರೆ ಬ್ರ್ಯಾಂಡಿನ ಕವಚ ತೆಗೆದರೆ ಒಳಗೆ ಒಂದೇ ಹೈನಿಕ್ಸ್ ಚಿಪ್ ಇರಬಹುದು.

ಇದರ ಇನ್ನೊಂದು ಮಗ್ಗುಲೂ ಅಷ್ಟೇ ನಿಜ. ಒಂದೇ ಬ್ರ್ಯಾಂಡ್, ಒಂದೇ ಮಾದರಿ ಸಂಖ್ಯೆ ಇದ್ದರೂ ಒಳಗಿನ ಚಿಪ್ ಬೇರೆಯಾಗಿರಬಹುದು. ಕೋರ್ಸೇರ್ ಲೇಬಲ್ಲಿನ ಮೂಲೆಯಲ್ಲಿ ‘ವರ್’ ಎಂದು ಶುರುವಾಗುವ ಒಂದು ಪುಟ್ಟ ಸಂಖ್ಯೆ ಇರುತ್ತದೆ. ಅದರ ಮೊದಲ ಅಂಕಿ 3 ಆದರೆ ಮೈಕ್ರಾನ್ ಚಿಪ್, 4 ಆದರೆ ಸ್ಯಾಮ್‌ಸಂಗ್, 5 ಆದರೆ ಹೈನಿಕ್ಸ್. ಮಾದರಿ ಸಂಖ್ಯೆ ಅದೇ, ಪೆಟ್ಟಿಗೆ ಅದೇ, ಒಳಗಿನ ಸರಕು ಮಾತ್ರ ಬೇರೆ. ಇಂದು ಒಂದು ಕೋರ್ಸೇರ್ ಕೊಂಡು, ಮುಂದಿನ ವರ್ಷ ಅದೇ ಮಾದರಿಯ ಇನ್ನೊಂದನ್ನು ತಂದು ಪಕ್ಕದಲ್ಲಿ ಹಾಕಿದವರು ತಾವು ಬೆರಕೆ ಮಾಡಿಲ್ಲ ಎಂದು ನೆಮ್ಮದಿಯಿಂದಿರುತ್ತಾರೆ. ಆದರೆ ಬೆರಕೆ ಆಗಿಯೇ ಇರಬಹುದು.

ಮೆಮೊರಿಯ ಜೆಡೆಕ್ ಮಾನಕ ಬರೆದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಪ್ರತಿ ಸ್ಟಿಕ್ಕಿನ ಮೇಲಿರುವ ಎಸ್‌ಪಿಡಿ ಚಿಪ್ಪಿನಲ್ಲಿ ಸ್ಟಿಕ್ ಜೋಡಿಸಿದವರ ಗುರುತಿಗೆ ಒಂದು ಜಾಗ, ಡಿರ‍್ಯಾಮ್ ತಯಾರಿಸಿದವರ ಗುರುತಿಗೆ ಇನ್ನೊಂದು ಜಾಗ ಇಟ್ಟಿದ್ದಾರೆ. ಸಿಪಿಯು-ಝಡ್ ತಂತ್ರಾಂಶದ ಎಸ್‌ಪಿಡಿ ಪುಟ ತೆರೆದರೆ ಎರಡೂ ಕಾಣುತ್ತವೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಹಳೆಯ ಸ್ಟಿಕ್ ಕೊಳ್ಳುವವರು, ಸಾಧ್ಯವಾದರೆ ಅಂಗಡಿಯಲ್ಲೇ ಒಂದು ಮೆಷಿನ್ನಿಗೆ ಹಾಕಿಸಿ ಈ ಪುಟ ನೋಡಿಯೇ ಹಣ ಕೊಡಬೇಕು.

ಬೆರೆಸಿದಾಗ ಆಗುವುದಿಷ್ಟೇ. ಬಯಾಸ್ ಎಲ್ಲ ಸ್ಟಿಕ್ಕುಗಳ ಎಸ್‌ಪಿಡಿ ಓದುತ್ತದೆ. ಟೈಮಿಂಗುಗಳು ಅಲ್ಲಿ ಇರುವುದು ಸಮಯದ ಲೆಕ್ಕದಲ್ಲಿ. ಎಲ್ಲವೂ ತಡೆದುಕೊಳ್ಳಬಲ್ಲ ವೇಗವೊಂದನ್ನು ಆರಿಸಿ, ಆ ಸಮಯವನ್ನು ಕ್ಲಾಕುಗಳಿಗೆ ಬದಲಿಸಿಕೊಳ್ಳುತ್ತದೆ. ಗಾಡಿಗೆ ಕಟ್ಟಿದ ಎರಡು ಎತ್ತುಗಳಲ್ಲಿ ನಿಧಾನದ ಎತ್ತಿನ ನಡಿಗೆಯೇ ಗಾಡಿಯ ನಡಿಗೆ. 3200ರ ಸ್ಟಿಕ್ 2666ರ ಜತೆ ಸೇರಿದರೆ 2666ಕ್ಕೆ ಇಳಿಯುತ್ತದೆ, ಕೆಡುವುದಿಲ್ಲ. 8 ಜಿಬಿ ಜತೆ 16 ಜಿಬಿ ಹಾಕಿದರೂ ಇಂಟೆಲ್‌ನ ಫ್ಲೆಕ್ಸ್ ಮೋಡ್ 16 ಜಿಬಿಯಷ್ಟನ್ನು ಎರಡು ಚಾನೆಲ್ಲುಗಳಲ್ಲೂ, ಉಳಿದ 8 ಜಿಬಿಯನ್ನು ಒಂದರಲ್ಲೂ ಓಡಿಸುತ್ತದೆ. ಎರಡು ಜೋಡಿ ಇದ್ದರೆ, ಪ್ರತಿ ಜೋಡಿಯ ಒಂದೊಂದು ಸ್ಟಿಕ್ ಒಂದೊಂದು ಚಾನೆಲ್ಲಿಗೆ ಹೋಗಲಿ. ಆಗ ಎರಡೂ ಕಡೆಯ ಗಾತ್ರ ಸಮನಾಗುತ್ತದೆ.

ನಿಜವಾದ ಜಗಳ ಶುರುವಾಗುವುದು ಎಕ್ಸ್‌ಎಂಪಿಯಿಂದ. 1.2 ವೋಲ್ಟಿನ ಡಿಡಿಆರ್4ಗೆ 1.35 ವೋಲ್ಟ್ ಕೊಟ್ಟು, ಬಿಗಿಯಾದ ಟೈಮಿಂಗಿನಲ್ಲಿ ಓಡಿಸುವ ಈ ಪ್ರೊಫೈಲ್ ಜೆಡೆಕ್ ಮಾನಕದ ಆಚೆಗಿನದು. ಒಂದು ಸ್ಟಿಕ್ಕಿನ ಪ್ರೊಫೈಲನ್ನು ಎಲ್ಲದರ ಮೇಲೂ ಹೇರಿದರೆ, ಅದಕ್ಕೆ ಹುಟ್ಟದ ಸ್ಟಿಕ್ ಎಡವುತ್ತದೆ. ಕಿಟ್ ಪಂಥದವರ ಮಾತಿನಲ್ಲಿ ನ್ಯಾಯ ಇರುವುದು ಇಲ್ಲಿ ಮಾತ್ರ. ಕಿಟ್ಟಿನ ಸ್ಟಿಕ್ಕುಗಳನ್ನು ಆ ವೇಗದಲ್ಲಿ ಒಟ್ಟಿಗೆ ಓಡಿಸಿ ನೋಡಿರುತ್ತಾರೆ. ಬೆರೆಸಿದವರು ಎಕ್ಸ್‌ಎಂಪಿ ಕೈಬಿಟ್ಟು, ಪ್ರತಿ ಟೈಮಿಂಗಿಗೂ ಎರಡರಲ್ಲಿ ಸಡಿಲವಾದುದನ್ನು ಕೈಯಿಂದಲೇ ತುಂಬಬೇಕು. 3200ರಲ್ಲಿ ಸಿಎಲ್16 ಟೈಮಿಂಗ್ ಎಂದರೆ 10 ನ್ಯಾನೊಸೆಕೆಂಡ್, ಜೆಡೆಕ್‌ನ ಸಿಎಲ್22 ಎಂದರೆ 13.75. ಕಚೇರಿ ಕೆಲಸದಲ್ಲಿ ಈ ಅಂತರ ಗೊತ್ತೇ ಆಗುವುದಿಲ್ಲ. ಮೆಮೊರಿ ಸಾಲದೆ ಡಿಸ್ಕಿಗೆ ಸ್ವ್ಯಾಪ್ ಆಗುವಾಗಿನ ಕಷ್ಟವಂತೂ ಎಲ್ಲರಿಗೂ ಗೊತ್ತಾಗುತ್ತದೆ.

ಡಿಡಿಆರ್5ರ ಮಾತು ಬೇರೆ. ಎಎಂಡಿಯ ರೈಝೆನ್ 7000 ಸರಣಿಗೆ ಎರಡು ಸ್ಟಿಕ್ಕಿದ್ದರೆ 5200 ಎಂದು ಕಂಪನಿಯೇ ಬರೆದಿದೆ. ನಾಲ್ಕಾದರೆ ಅದೇ ಕಂಪನಿ ಕೊಡುವ ಮಾತು 3600. ಒಂದೇ ಬ್ರ್ಯಾಂಡಿನ ನಾಲ್ಕನ್ನು ಹಾಕಿದರೂ ಈ ಕಡಿತ ತಪ್ಪುವುದಿಲ್ಲ. ಡಿಡಿಆರ್5ರಲ್ಲಿ ದೊಡ್ಡ ಗಾತ್ರದ ಎರಡೇ ಸ್ಟಿಕ್ ಸಾಕು.

ಇಲ್ಲಿಗೆ ಈ ವಾರದ ವಿಷಯ ಮುಗಿಯಬೇಕಿತ್ತು. ಆದರೆ ಬ್ರ್ಯಾಂಡ್ ಜಗಳದಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ, ನನಗೆ ಅದೇ ಮುಖ್ಯ. ನಿಮ್ಮ ಸ್ಟಿಕ್ ಈಗ ಸರಿಯಾಗಿದೆ ಎಂದು ನಿಮಗೆ ಹೇಳಿದವರು ಯಾರು?

ಮೆಮೊರಿಯ ಮೇಲೆ ಬಂದ ಬರಹಗಳಲ್ಲಿ ನಾನು ಮತ್ತೆ ಮತ್ತೆ ತೆರೆಯುವುದು, ಟೊರೊಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಅವರು ಗೂಗಲ್‌ನ ಇಬ್ಬರು ಎಂಜಿನಿಯರುಗಳ ಜತೆ 2009ರಲ್ಲಿ ಪ್ರಕಟಿಸಿದ ಪ್ರಬಂಧ. ಪ್ರಯೋಗಶಾಲೆಯಲ್ಲಿ ಬೆರಳೆಣಿಕೆಯ ಸ್ಟಿಕ್ಕುಗಳನ್ನು ಬಿಸಿ ಮಾಡಿ ನೋಡಿದ ಕೆಲಸ ಅದಲ್ಲ. ಗೂಗಲ್‌ನ ಸರ್ವರುಗಳನ್ನು ಸುಮಾರು ಎರಡೂವರೆ ವರ್ಷ ಗಮನಿಸಿ ಬರೆದದ್ದು. ಒಂದು ವರ್ಷದಲ್ಲಿ ಸುಮಾರು ಮೂರರಲ್ಲೊಂದು ಮೆಷಿನ್, ನೂರರಲ್ಲಿ ಎಂಟಕ್ಕೂ ಹೆಚ್ಚು ಸ್ಟಿಕ್ಕುಗಳು ಒಮ್ಮೆಯಾದರೂ ತಪ್ಪು ಮಾಡಿದ್ದವು. ಶಾಖದ ಪಾಲು ಎಲ್ಲರೂ ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ. ಹೊಸ ತಲೆಮಾರಿನ ಸ್ಟಿಕ್ಕುಗಳು ಹಳೆಯವಕ್ಕಿಂತ ಕೆಟ್ಟವೇನೂ ಆಗಿರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ: ಒಮ್ಮೆ ತಪ್ಪಿದ ಸ್ಟಿಕ್ ಮತ್ತೆ ತಪ್ಪುವ ಸಂಭವ ಬಹಳ ಹೆಚ್ಚು. ಆಕಾಶದಿಂದ ಬಂದ ಕಣವೊಂದು ಬಡಿದು ಆದ ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ, ದೋಷ ಬಹುಮಟ್ಟಿಗೆ ಆ ಸ್ಟಿಕ್ಕಿನಲ್ಲೇ ಇರುತ್ತದೆ.

ಗೂಗಲ್‌ಗೆ ಇದು ತಿಳಿದದ್ದು ಅವರ ಸರ್ವರುಗಳಲ್ಲಿ ತಪ್ಪನ್ನು ಹಿಡಿದು ತಿದ್ದುವ ಇಸಿಸಿ ಮೆಮೊರಿ ಇದ್ದುದರಿಂದ. ನಮ್ಮ ಮೇಜಿನ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ಒಂದು ಬಿಟ್ ತಿರುಗಿದರೆ ತಡೆಯುವವರೂ ಇಲ್ಲ, ವರದಿ ಮಾಡುವವರೂ ಇಲ್ಲ. ಫೋಟೊ ಕೆಟ್ಟಿರುತ್ತದೆ, ಜಿಪ್ ಕಡತ ತೆರೆಯುವುದಿಲ್ಲ, ನೀಲಿ ಪರದೆ ಬರುತ್ತದೆ. ನಾವು ವಿಂಡೋಸನ್ನು ಬೈಯುತ್ತೇವೆ. ಇಸಿಸಿಯನ್ನು ಸರ್ವರುಗಳಿಗೆ ಕಟ್ಟಿಹಾಕಿದ್ದಕ್ಕೆ ಲಿನಕ್ಸ್ ಕರ್ತೃ ಲೈನಸ್ ಟೋರ್ವಾಲ್ಡ್ಸ್ 2021ರ ಜನವರಿಯಲ್ಲಿ ಇಂಟೆಲ್ ಮೇಲೆ ಹರಿಹಾಯ್ದರು. ನಾನು ಪೂರ್ತಿ ಅವರ ಪಕ್ಷ. ಡಿಡಿಆರ್5 ಚಿಪ್ಪಿನ ಒಳಗಿರುವ ಇಸಿಸಿಯನ್ನು ತೋರಿಸಿ ಸಮಾಧಾನ ಹೇಳುವವರಿದ್ದಾರೆ. ಅದು ಕಾಯುವುದು ಚಿಪ್ಪಿನ ಒಳಗನ್ನು. ಚಿಪ್ಪಿನಿಂದ ಪ್ರೊಸೆಸರಿನವರೆಗಿನ ದಾರಿಗೆ ಕಾವಲಿಲ್ಲ.

ಹಾಗಾಗಿ ಉಳಿಯುವುದು ಪರೀಕ್ಷೆ ಒಂದೇ. ಕ್ರಿಸ್ ಬ್ರೇಡಿ 1994ರಲ್ಲಿ ಬರೆದ ಮೆಮ್‌ಟೆಸ್ಟ್86, ಅದರಿಂದ ಕವಲೊಡೆದ ಮೆಮ್‌ಟೆಸ್ಟ್86 ಪ್ಲಸ್ ಎರಡೂ ಉಚಿತವಾಗಿ ಸಿಗುತ್ತವೆ. ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಬೂಟ್ ಮಾಡಿ, ರಾತ್ರಿಯಿಡೀ ಓಡಲು ಬಿಡಿ. ಬೆಳಿಗ್ಗೆ ಒಂದೇ ಒಂದು ಕೆಂಪು ಸಾಲು ಕಂಡರೂ ಬಿಡುವಂತಿಲ್ಲ. ಮೊದಲು ಎಕ್ಸ್‌ಎಂಪಿ ತೆಗೆದು ಮತ್ತೆ ಓಡಿಸಿ. ಆಗಲೂ ತಪ್ಪು ಬಂದರೆ ಒಂದೊಂದೇ ಸ್ಟಿಕ್ ಇಟ್ಟು ಪರೀಕ್ಷಿಸಿ. ಒಂಟಿಯಾಗಿದ್ದಾಗಲೂ ತಪ್ಪುವ ಸ್ಟಿಕ್ ಯಾವ ಬ್ರ್ಯಾಂಡಿನದಾದರೂ ಆ ಮೆಷಿನ್ನಿನಲ್ಲಿ ಇರಕೂಡದು. ವಾರಂಟಿ ಇದ್ದರೆ ಅಂದೇ ಹಿಂದಿರುಗಿಸಿ.

ಬೇರೆ ಬ್ರ್ಯಾಂಡಿನ ಸ್ಟಿಕ್ ಹಾಕಿದ ಓದುಗರು ರಾತ್ರಿಯ ಪರೀಕ್ಷೆ ಮುಗಿಯುವವರೆಗೆ ಆ ಮೆಷಿನ್ನಿನಲ್ಲಿ ಯಾವ ಮುಖ್ಯ ಕಡತವನ್ನೂ ನಕಲು ಮಾಡಬೇಡಿ. ಹೊಸ ಕಿಟ್ ಕೊಂಡವರಿಗೂ ಇದೇ ನಿಯಮ.