ಕಠಿಣ ಗಣಿತ ಯಾರ ಮಕ್ಕಳಿಗೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಬಿ.ಸಿ.ರೋಡಿನ ಬಸ್ ನಿಲ್ದಾಣದಲ್ಲಿ ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: “ಸರ್ಕಾರಿ ಕಾಲೇಜಾದರೆ ಕಾಮರ್ಸ್ ತಕ್ಕೊಳ್ಳಲಿ. ಪಿಸಿಎಂಬಿ ಬೇಕಾದರೆ ಮೂಡುಬಿದಿರೆಗೋ ಉಜಿರೆಗೋ ಖಾಸಗಿ ಕಾಲೇಜಿಗೆ ಕಳಿಸಬೇಕು ಮಾರಾಯ್ರೆ.” ಹೇಳುವವರಿಗೆ ಮಗುವಿನ ಮೇಲೆ ಪ್ರೀತಿಯೇ ಇದೆ. ಆದರೆ ಈ ಬುದ್ಧಿವಾದ ಈಗ ನೀತಿಯಾಗುತ್ತಿದೆ. ಮಕ್ಕಳು ಕಡಿಮೆಯಿರುವ ಸರ್ಕಾರಿ ಪಿಯು ಕಾಲೇಜಿನಲ್ಲಿ ವಿಜ್ಞಾನ ವಿಭಾಗ ಯಾಕೆ, ಗಣಿತದ ಉಪನ್ಯಾಸಕರು ಯಾಕೆ ಎಂದು ಕೇಳುವವರೇ ಹೆಚ್ಚು.

ಈ ವಾದ ತಳ್ಳಿಹಾಕುವಷ್ಟು ಹಗುರವಲ್ಲ. ಹತ್ತನೇ ತರಗತಿ ಮುಗಿಸಿದರೂ ಭಾಗಾಕಾರಕ್ಕೆ ತಡವರಿಸುವ ಮಕ್ಕಳಿದ್ದಾರೆ. ಅವರನ್ನು ಬಿಟ್ಟು ಹತ್ತು ಹನ್ನೆರಡು ಮಂದಿಗೆ ಕಲನಶಾಸ್ತ್ರ ಕಲಿಸಲು ಹಣ ಸುರಿಯಬೇಕೇ? ಕೇಳಬೇಕಾದ ಪ್ರಶ್ನೆಯೇ. ಆದರೆ ಮುಚ್ಚಿದ ವಿಭಾಗದ ಹಣ ಪಕ್ಕದ ಪ್ರಾಥಮಿಕ ಶಾಲೆಗೆ ತಾನಾಗಿ ಹರಿದು ಬರುವುದಿಲ್ಲ.

ತಲೆ ಎಣಿಸುವ ಲೆಕ್ಕವೂ ಸರಿಯಿಲ್ಲ. ಹುದ್ದೆ ಖಾಲಿ ಬಿಡುತ್ತೇವೆ. ಪಾಠ ಅರ್ಧ ದಾಟುವಾಗ ಅತಿಥಿ ಉಪನ್ಯಾಸಕರು ಬರುತ್ತಾರೆ. ಮರುವರ್ಷ ಹೆತ್ತವರು ಅತ್ತ ತಲೆಹಾಕುವುದಿಲ್ಲ. ಆಗ ‘ಬೇಡಿಕೆ ಇಲ್ಲ’ ಎಂದು ಷರಾ ಬರೆಯುತ್ತೇವೆ. ಬಾವಿಗೆ ಹಗ್ಗ ಕೊಡದೆ, ಊರಿಗೆ ಬಾಯಾರಿಕೆಯೇ ಇಲ್ಲ ಎಂದಂತಾಯಿತು.

ಹಾಗಿದ್ದೂ ಉಳಿಯುವ ಆ ಹತ್ತು ಹನ್ನೆರಡು ಮಕ್ಕಳು ಯಾರು? ಬಂಟ್ವಾಳ, ಬೆಳ್ತಂಗಡಿ ಕಡೆ ಬೀಡಿ ಕಟ್ಟಿ ಬ್ರಾಂಚಿಗೆ ಒಯ್ಯುವ ತಾಯಂದಿರ ಮಕ್ಕಳು, ತೋಟದ ಕೂಲಿಗಳ ಮಕ್ಕಳು. ಹಾಸ್ಟೆಲ್ ಶುಲ್ಕದ ಮಾತು ಆ ಮನೆಗಳ ಅಂಗಳ ಹತ್ತುವುದಿಲ್ಲ. ಕೆಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಯುಸಿ ಅಂಕವೂ ಪ್ರವೇಶ ಪರೀಕ್ಷೆಯ ಅಂಕವೂ ಅರ್ಧರ್ಧ. ಎನ್‌ಡಿಎಯ ವಾಯುಪಡೆ, ನೌಕಾಪಡೆ ವಿಭಾಗಕ್ಕೂ ಹನ್ನೆರಡನೇ ತರಗತಿಯ ಗಣಿತ ಬೇಕು. ಹದಿನಾರರಲ್ಲಿ ‘ನಿನಗೆ ಕಷ್ಟ’ ಎಂದು ಆಡಿದ ಮಾತು ಹದಿನೆಂಟರಲ್ಲಿ ಹಾಕಿದ ಬಾಗಿಲಾಗಿ ಎದುರು ನಿಲ್ಲುತ್ತದೆ.

ಸಮಾನತೆಯ ಹೆಸರಿನಲ್ಲೇ ಇಂಥದ್ದೊಂದು ಪ್ರಯೋಗ ನಡೆದದ್ದುಂಟು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಸರ್ಕಾರಿ ಶಾಲೆಗಳು 2014ರಲ್ಲಿ ಬೀಜಗಣಿತವನ್ನು ಎಂಟನೇ ತರಗತಿಯಿಂದ ತೆಗೆದು ಒಂಬತ್ತಕ್ಕೆ ದೂಡಿದವು. ಯಾರೂ ಮುಂದೆ ಹೋಗದಿದ್ದರೆ ಯಾರೂ ಹಿಂದುಳಿಯುವುದಿಲ್ಲ ಎಂಬ ನಂಬಿಕೆ. ದುಡ್ಡಿದ್ದವರು ಅದೇ ಪಾಠವನ್ನು ಹೊರಗೆ ಕೊಂಡರು. 2024ರಲ್ಲಿ ಆ ನಗರದ ಮತದಾರರೇ ಬೀಜಗಣಿತ ಎಂಟಕ್ಕೆ ಮರಳಲಿ ಎಂದು ಭಾರೀ ಬಹುಮತದಿಂದ ಹೇಳಬೇಕಾಯಿತು. ಕಠಿಣ ಗಣಿತವನ್ನು ಸರ್ಕಾರ ಕೈಬಿಟ್ಟರೆ ಅದು ಊರು ಬಿಡುವುದಿಲ್ಲ, ಫೀಸಿನ ಕೌಂಟರಿಗೆ ಹೋಗಿ ಕೂರುತ್ತದೆ.

ಹಾಗೆಂದು ಹೋಬಳಿಗೊಂದು ಪಿಸಿಎಂಬಿ ಬೋರ್ಡು ತೂಗುಹಾಕಿ ಎಂದು ನಾನು ಹೇಳಲಾರೆ. ಉಪನ್ಯಾಸಕರಿಲ್ಲದ ವಿಭಾಗ ಮುಚ್ಚಿದ ವಿಭಾಗಕ್ಕಿಂತ ದೊಡ್ಡ ಮೋಸ. ಅದು ಮಗುವಿನ ಎರಡು ವರ್ಷವನ್ನೂ ತಿನ್ನುತ್ತದೆ. ತಾಲೂಕಿನಲ್ಲಿ ಎರಡು ಮೂರು ಕಡೆ ಸಾಕು, ಬಿ.ಸಿ.ರೋಡಿನಂತೆ ನಾಲ್ಕು ದಿಕ್ಕಿನ ಬಸ್ಸು ಬರುವ ಜಾಗದಲ್ಲಿ. ಅಲ್ಲಿ ಖಾಯಂ ಉಪನ್ಯಾಸಕರಿರಲಿ, ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲೇ ಬುನಾದಿ ತರಗತಿ ನಡೆಯಲಿ. ಭಾಗಾಕಾರಕ್ಕೆ ತಡವರಿಸುವ ಹುಡುಗನಿಗೂ ಕಲನಶಾಸ್ತ್ರ ಬಯಸುವ ಹುಡುಗಿಗೂ ಬೇಕಾದವರು ಒಬ್ಬರೇ: ದಿನಾ ಬರುವ ಗಣಿತದ ಮಾಸ್ಟ್ರು.

‘ಮೂಡುಬಿದಿರೆಗೆ ಕಳಿಸಿ’ ಎನ್ನುವವರಿಗೆ ಆ ಊರಿನದೇ ಒಂದು ಸಂಗತಿ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ 1912ರಲ್ಲಿ ಮದ್ರಾಸಿನ ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚಾಯಿತು. ಸಂಪಾದಕ ಎಂ. ರಂಗಾಚಾರ್ಯರು ಪಾಠ ಹೋಲಿಸಲು ಬಳಸಿದ ಪ್ರತಿಗಳಲ್ಲಿ ಒಂದು, ಮೂಡುಬಿದಿರೆಯ ಜೈನ ಮಠದ ತಾಳೆಗರಿಯಿಂದ ಕನ್ನಡ ಲಿಪಿಯಲ್ಲಿ ನಕಲಾದದ್ದು. ಮಠದ ಕಪಾಟಿನಲ್ಲಿದ್ದ ಗಣಿತವನ್ನು ಅಂದು ಪರದೇಶಿಗಳ ಸರ್ಕಾರವೇ ಖರ್ಚು ಹಾಕಿ ಎಲ್ಲರ ಕೈಗೆ ತಂದಿತ್ತು. ನಾವೇ ಆರಿಸಿದ ಸರ್ಕಾರ ಅದನ್ನು ಮತ್ತೆ ಕಪಾಟಿಗೆ ಸೇರಿಸಿ ಬೀಗದ ಕೈಯನ್ನು ಶುಲ್ಕ ಕಟ್ಟಬಲ್ಲವರಿಗೆ ಮಾತ್ರ ಕೊಡುವುದಾದರೆ, ಅದನ್ನು ಉಳಿತಾಯ ಎನ್ನಲು ನನಗೆ ಬಾಯಿ ಬಾರದು.