ಪಾರ್ಕಿನ ಬೋರ್ಡೂ ನಮ್ಮ ಕೇರಿಯ ಬಯಲೂ

ನಮ್ಮೂರ ಪುರಸಭೆಯ ಪಾರ್ಕಿನ ಗೇಟಿನಲ್ಲಿ ಒಂದು ಬೋರ್ಡಿದೆ. ಹಸಿರು ತಗಡಿನ ಮೇಲೆ ಬಿಳಿ ಅಕ್ಷರ. ಹುಲ್ಲಿನ ಮೇಲೆ ನಡೆಯಬಾರದು. ಹೂ ಕೀಳಬಾರದು. ಚೆಂಡಾಟ ಆಡಬಾರದು. ಬೆಂಚಿನ ಮೇಲೆ ಮಲಗಬಾರದು. ಬುತ್ತಿ ಬಿಚ್ಚಿ ತಿನ್ನಬಾರದು. ಗುಂಪು ಕೂಡಬಾರದು. ಕೆಳಗೆ ತೆರೆಯುವ ವೇಳೆ, ಮುಚ್ಚುವ ವೇಳೆ. ಅದರ ಕೆಳಗೆ 'ಆಜ್ಞೆಯ ಮೇರೆಗೆ'.

ನಾವು ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಕಾಗದ ತಂದು ಟ್ರಂಕಿನಲ್ಲಿಟ್ಟವರು. ಪದ್ಯ ಓದುವಾಗ ಮೂರು ಪ್ರಶ್ನೆ ಕೇಳಿ ಎಂದು ಕಾಲೇಜಿನಲ್ಲಿ ನಮಗೆ ಹೇಳಿಕೊಟ್ಟರು. ಯಾರು ಮಾತಾಡುತ್ತಿದ್ದಾರೆ? ಯಾರಿಗೆ ಮಾತಾಡುತ್ತಿದ್ದಾರೆ? ಏನನ್ನು ಹೇಳದೆ ಬಿಟ್ಟಿದ್ದಾರೆ? ಆ ಪಾಠವನ್ನು ನಾವು ಈ ಬೋರ್ಡಿಗೆ ಹಚ್ಚಿ ನೋಡಿದೆವು. ವಿಮರ್ಶೆ ಏನು ಕವನ ಸಂಕಲನಗಳಿಗೆ ಬರೆದುಕೊಟ್ಟ ಜಹಗೀರೇ? ಊರನ್ನು ಆಳುವವರು ಬರೆದು ನೇತುಹಾಕಿದ್ದೂ ಬರವಣಿಗೆಯೇ. ನಮ್ಮ ಜನ ದಿನಾ ಓದುವ ಬರವಣಿಗೆ ಅದೊಂದೇ.

ಬೆಂಚಿನ ಮೇಲೆ ಮಲಗುವವನು ಯಾರು? ಮನೆಯಲ್ಲಿ ಮಂಚ ಇದ್ದವನು ಪಾರ್ಕಿಗೆ ಬಂದು ಮಲಗುವುದಿಲ್ಲ. ಬುತ್ತಿ ಬಿಚ್ಚುವವರು ಯಾರು? ಮಧ್ಯಾಹ್ನ ಗಾರೆ ಕೆಲಸದಿಂದ ನೆರಳು ಹುಡುಕಿಕೊಂಡು ಬಂದ ಕೂಲಿಯವರು. ಚೆಂಡಾಡುವವರು ಯಾರು? ಆಟದ ಬಯಲಿಲ್ಲದ ಸ್ಕೂಲಿನ ಹುಡುಗರು. ಗುಂಪು ಕೂಡುವವರು ಯಾರು? ಸಭೆ ಮಾಡಲು ಬಾಡಿಗೆ ಹಾಲಿಗೆ ದುಡ್ಡಿಲ್ಲದವರು. ಒಂದೊಂದು 'ಬಾರದು' ಹಿಂದೆಯೂ ಒಬ್ಬ ಮನುಷ್ಯ ನಿಂತಿದ್ದಾನೆ. ಬಿಳಿ ಬೂಟು ಹಾಕಿಕೊಂಡು ಬೆಳಿಗ್ಗೆ ಆರು ಸುತ್ತು ಸುತ್ತಿ ಹೋಗುವ ದೊಡ್ಡವರು ಇದರಲ್ಲಿ ಒಂದನ್ನೂ ಮುರಿಯಬೇಕಾಗಿಲ್ಲ. ಅವರ ಕಣ್ಣಿಗೆ ಬೋರ್ಡು ಬೀಳುವುದೇ ಇಲ್ಲ.

ಈ ಬೋರ್ಡಿನಲ್ಲಿ ಎಲ್ಲೂ ಜಾತಿಯ ಹೆಸರಿಲ್ಲ. ಇರುವಂತೆಯೂ ಇಲ್ಲ. ಸರ್ಕಾರದ ದುಡ್ಡಿನಿಂದ ನಡೆಯುವ, ಸಾರ್ವಜನಿಕರಿಗೆಂದು ಬಿಟ್ಟ ಬಾವಿ, ಕೆರೆ, ರಸ್ತೆ, ಜನ ಸೇರುವ ಜಾಗಗಳಿಗೆ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎಂದು ಸಂವಿಧಾನದ 15ನೇ ವಿಧಿ 1950ರಿಂದ ಹೇಳುತ್ತಿದೆ. ಆದ್ದರಿಂದ ಜಾತಿ ಹೇಳದೆ ತಡೆಯುವ ಭಾಷೆ ಕಲಿತಿದ್ದಾರೆ. ಶಿಸ್ತು, ಸ್ವಚ್ಛತೆ, ಸೌಂದರ್ಯ. ಈ ಮೂರು ಪದ ಕೇಳಿದಾಗಲೆಲ್ಲ ನಮ್ಮ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ನಮ್ಮಲ್ಲಿ ಒಬ್ಬನ ಅವ್ವ ಪೌರಕಾರ್ಮಿಕಳು. ವಾಕಿಂಗಿನವರು ಬರುವುದಕ್ಕೆ ಮುಂಚೆ, ಕತ್ತಲಲ್ಲೇ ಹೋಗಿ ಆ ಪಾರ್ಕಿನ ಎಲೆ, ಹೊಗೆಸೊಪ್ಪಿನ ಚೀಟಿ, ನಾಯಿ ಹೇಲು ಎಲ್ಲ ಗುಡಿಸುತ್ತಾಳೆ. ಒಂದು ದಿನ ಕೇಳಿದೆವು:

"ಅವ್ವಾ, ಇಷ್ಟು ವರ್ಸ ಗುಡ್ಸಿದ್ದೀಯಲ್ಲ, ಆ ಕಲ್ಲುಬೆಂಚಿನ ಮ್ಯಾಲೆ ಒಂದಿನಾನಾದ್ರೂ ಕುಂತಿದ್ದೀಯಾ?"

ಅವ್ವ ನಕ್ಕಳು. "ಗುಡ್ಸಕ್ಕೆ ಬಂದೋಳು ಕುಂತ್ಕಂಡ್ರೆ ಮೇಸ್ತ್ರಿ ಬುಟ್ಟಾನೇನ್ರಪ್ಪಾ? ಅದು ವಾಕಿಂಗ್ ಬರೋರ್ದು."

"ಹಂಗಂತ ಯಾರು ಹೇಳಿದ್ರು?"

"ಯಾರೂ ಹೇಳ್ನಿಲ್ಲ. ಗೊತ್ತಾಯ್ತದೆ."

ಗೆಳೆಯರೆ, ಈ 'ಗೊತ್ತಾಯ್ತದೆ' ಎಂಬ ಒಂದು ಮಾತಿನ ಮುಂದೆ ಆ ಬೋರ್ಡು ಏನೂ ಅಲ್ಲ. ಬೋರ್ಡನ್ನು ಕಿತ್ತು ಬಿಸಾಡಬಹುದು. ಅವ್ವನ ಎದೆಯೊಳಗೆ ಯಾರು ಯಾವಾಗ ನೆಟ್ಟರೋ ತಿಳಿಯದ ಬೋರ್ಡನ್ನು ಕೀಳುವುದು ಹೇಗೆ? ನಮ್ಮ ಕೆಲಸ ಇರುವುದು ಅಲ್ಲಿ.

ಇನ್ನು ಕಾನೂನನ್ನು ಓದೋಣ. 1964ರ ಕರ್ನಾಟಕ ಪುರಸಭೆಗಳ ಕಾಯಿದೆ ಪುರಸಭೆಯ ಕೆಲಸಗಳನ್ನು ಎರಡು ಸಾಲಿನಲ್ಲಿ ನಿಲ್ಲಿಸುತ್ತದೆ. ದೀಪ, ಚರಂಡಿ, ಬೀದಿ ಗುಡಿಸುವುದು ಕಡ್ಡಾಯದ ಸಾಲಿನಲ್ಲಿ. ಪಾರ್ಕು, ತೋಟ, ಗ್ರಂಥಾಲಯ ವಿವೇಚನೆಯ ಸಾಲಿನಲ್ಲಿ. ಅಂದರೆ ಮಾಡಿದರೆ ಮಾಡಬಹುದು, ಬಿಟ್ಟರೆ ಬಿಡಬಹುದು. ಈ ಸಾಲುಗಳನ್ನು ನಮ್ಮ ಕೇರಿಯಿಂದ ನೋಡಿ. ಗುಡಿಸುವುದು ಕಡ್ಡಾಯ, ಗುಡಿಸಿದವಳು ಕೂರುವುದು ವಿವೇಚನೆ! ವಿವೇಚನೆ ಯಾರದು? ಕೌನ್ಸಿಲಿನಲ್ಲಿ ಕುಳಿತವರದು. ಅವರ ವಿವೇಚನೆ ತಮ್ಮ ಮನೆ ಇರುವ ಬಡಾವಣೆಯ ದಾರಿ ಹಿಡಿದರೆ ಅದರಲ್ಲಿ ಆಶ್ಚರ್ಯವೇನು?

74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಸಭೆ, ಪುರಸಭೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಪಾರ್ಕು, ಉದ್ಯಾನ, ಆಟದ ಮೈದಾನ ಅದರೊಳಗಿವೆ. ಕೊಳೆಗೇರಿಗಳ ಸುಧಾರಣೆಯೂ ಅದರೊಳಗಿದೆ. ಎರಡೂ ಒಂದೇ ಪಟ್ಟಿಯಲ್ಲಿ ಇದ್ದರೂ ಊರಿನಲ್ಲಿ ಒಂದರ ಮುಖ ಒಂದು ನೋಡಿಲ್ಲ. ಕೊಳೆಗೇರಿ ಸುಧಾರಣೆ ಎಂದರೆ ಚರಂಡಿ, ನಲ್ಲಿ, ಕಕ್ಕಸು. ಪಾರ್ಕು ಎಂದರೆ ಎಕ್ಸ್‌ಟೆನ್ಷನ್. ಕೇರಿಯ ಮಗುವಿಗೆ ಉಯ್ಯಾಲೆ ಬೇಕು ಎಂದು ಯಾವ ಎಸ್ಟಿಮೇಟೂ ಹೇಳುವುದಿಲ್ಲ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯಿದೆಯನ್ನು ತೆಗೆದುಕೊಳ್ಳಿ. ಬಡಾವಣೆಯ ಒಟ್ಟು ಜಾಗದಲ್ಲಿ ಶೇ. 15ಕ್ಕೆ ಕಡಿಮೆ ಇಲ್ಲದಷ್ಟು ಪಾರ್ಕಿಗೆ, ಆಟದ ಮೈದಾನಕ್ಕೆ ಬಿಡಬೇಕೆಂದು ಅದು ಹೇಳುತ್ತದೆ. ಒಳ್ಳೆಯ ಮಾತು. ಆದರೆ ಈ ಶೇ. 15 ಹುಟ್ಟುವುದು ನಕ್ಷೆಯಿಂದ. ನಮ್ಮ ಕೇರಿಗಳು ನಕ್ಷೆ ಬರೆದು ಕಟ್ಟಿದವಲ್ಲ. ಊರಾಚೆ ಹೋಗಿ ಬಿದ್ದಿರಿ ಅಂದಾಗ ಬಿದ್ದುಕೊಂಡ ಜಾಗ ಅದು. ಆಮೇಲೆ ಊರೇ ಬೆಳೆದು ಸುತ್ತ ಆವರಿಸಿತು. ಆಗ ಊರಾಚೆ ಇದ್ದವರು ಊರ ನಡುವೆ ಬಂದೆವು, ಆದರೂ ನಕ್ಷೆಯ ಆಚೆಯೇ ಉಳಿದೆವು. ನಕ್ಷೆಯೇ ಇಲ್ಲದವನಿಗೆ ಶೇಕಡಾ ಎಲ್ಲಿಂದ ಬರಬೇಕು ಸ್ವಾಮಿ?

ಪಾರ್ಕಿನ ಹಕ್ಕಿನ ಬಗ್ಗೆ ಈ ದೇಶದ ದೊಡ್ಡ ತೀರ್ಪು ನಮ್ಮ ನಾಡಿನಿಂದಲೇ ಹೋದದ್ದು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಮುಖ್ಯಮಂತ್ರಿಯ ನಿರ್ದೇಶನದ ಮೇಲೆ ಖಾಸಗಿ ನರ್ಸಿಂಗ್ ಹೋಮಿಗೆ ಕೊಡಲು ಹೊರಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಮೊಕದ್ದಮೆ ಎಂದು ಅದಕ್ಕೆ ಹೆಸರು. 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರ ನಿಂತು, ಪಾರ್ಕನ್ನು ಹೀಗೆ ಖಾಸಗಿಯವರಿಗೆ ಎತ್ತಿಕೊಡುವ ಅಧಿಕಾರ ಇವರಿಗಿಲ್ಲ ಎಂದಿತು. ಆ ಹೋರಾಟವನ್ನು ನಾವು ಹಗುರ ಮಾಡುವುದಿಲ್ಲ. ಅಧಿಕಾರದ ಮದಕ್ಕೆ ಮೂಗುದಾರ ಹಾಕಿದ ತೀರ್ಪು ಅದು. ನಮ್ಮ ಪ್ರಶ್ನೆ ಬೇರೆ. ಕಾಗದದಲ್ಲಿ ಪಾರ್ಕು ಎಂದು ಬರೆದಿದ್ದರಿಂದ ಅವರು ಅದನ್ನು ಉಳಿಸಿಕೊಂಡರು. ನಮ್ಮ ಕೇರಿಯ ಪಕ್ಕದ ಬಯಲಿಗೆ ಕಾಗದದಲ್ಲಿ ಏನು ಹೆಸರಿದೆ? ನಾವು ಅಲ್ಲಿ ಚಿನ್ನಿದಾಂಡು ಆಡಿದೆವು, ಕಬಡ್ಡಿ ಆಡಿದೆವು, ಸತ್ತವರನ್ನು ಹೊತ್ತು ಹೋಗುವಾಗ ಅಲ್ಲೇ ಒಂದು ಗಳಿಗೆ ಇಳಿಸಿದೆವು. ಈಗ ಊರ ಕಸವೆಲ್ಲ ಅಲ್ಲಿ ಬೀಳುತ್ತಿದೆ. ಯಾವ ಕಾಗದ ಹಿಡಿದು ಯಾವ ಕೋರ್ಟಿನ ಮೆಟ್ಟಿಲು ಹತ್ತೋಣ?

ಆಟದ ವಿಷಯಕ್ಕೆ ಬಂದರೆ ಒಬ್ಬರನ್ನು ನೆನೆಯಲೇಬೇಕು. ಪಾಲ್ವಂಕರ್ ಬಾಳೂ. 1870ರ ದಶಕದಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಚಮ್ಮಾರರ ಮನೆಯವರು. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ಚು ಉರುಳಿಸುವ, ಬಲೆ ಕಟ್ಟುವ ಕೂಲಿಯಾಗಿದ್ದರು. ಬಿಳಿಯರಿಗೆ ಅಭ್ಯಾಸಕ್ಕೆ ಚೆಂಡು ಹಾಕಿ ಹಾಕಿ ದೊಡ್ಡ ಬೌಲರ್ ಆದರು. ಗೆಲ್ಲಬೇಕೆಂಬ ಆಸೆಗೆ ಹಿಂದೂಗಳ ತಂಡ ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹಾ. 1911ರಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ 100ಕ್ಕೂ ಹೆಚ್ಚು ವಿಕೆಟ್ ತೆಗೆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಕೊಡಲಿಲ್ಲ. ಅವರ ತಮ್ಮ ವಿಠ್ಠಲ್ ನಾಯಕನಾಗಲು 1923 ಬರಬೇಕಾಯಿತು. ಮೈದಾನ ಉರುಳಿಸುವ ಕೈಗೆ ಚೆಂಡು ಸಿಕ್ಕಿದ್ದರಿಂದ ಒಬ್ಬ ಬಾಳೂ ಬಂದರು. ಚೆಂಡು ಸಿಗದೆ ಹೋದ ಕೈಗಳ ಲೆಕ್ಕ ಯಾರ ಹತ್ತಿರ ಇದೆ?

ಇದನ್ನೆಲ್ಲ ಹೇಳಿದರೆ ನಮ್ಮವರೇ ಕೆಲವರು ಮುಖ ಕಿವುಚುತ್ತಾರೆ. "ಮನೆ ಇಲ್ಲ, ನೀರಿಲ್ಲ, ಮ್ಯಾನ್‌ಹೋಲಿನಲ್ಲಿ ಜನ ಸಾಯ್ತಾ ಅವ್ರೆ. ನಿಮಗೆ ಪಾರ್ಕಿನ ಚಿಂತೆಯೇನ್ರಯ್ಯ?" ಈ ಮಾತಿನ ಹಿಂದಿನ ನೋವು ನಮಗೂ ಗೊತ್ತು. ಆದರೆ ಮಹಾಡನ್ನು ಮರೆತು ಆಡುವ ಮಾತಿದು.

1923ರಲ್ಲಿ ಬೊಂಬಾಯಿ ಶಾಸನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕೆಂದು ನಿರ್ಣಯ ಮಾಡಿತು. 1924ರಲ್ಲಿ ಮಹಾಡದ ಪುರಸಭೆ ಚವದಾರ್ ಕೆರೆಯನ್ನು ತೆರೆದಿದ್ದೇವೆ ಎಂದು ಬರೆದಿಟ್ಟಿತು. ನೀರು ಕಾಗದದಲ್ಲೇ ಉಳಿಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಬೊಗಸೆ ನೀರು ಕುಡಿದರು. ಅವತ್ತೇ ನಮ್ಮ ಜನರ ಮೇಲೆ ಹಲ್ಲೆಯಾಯಿತು. ಕೆರೆಗೆ ಪಂಚಗವ್ಯ ಸುರಿದು ಶುದ್ಧಿ ಮಾಡಿದರು. ಆಗಸ್ಟಿನಲ್ಲಿ ಪುರಸಭೆ ತನ್ನ ನಿರ್ಣಯವನ್ನೇ ವಾಪಸು ಪಡೆಯಿತು. ಹೈಕೋರ್ಟು ನಮ್ಮ ಪರ ಹೇಳಲು 1937 ಆಯಿತು. 1927ರ ಡಿಸೆಂಬರಿನಲ್ಲಿ ಮತ್ತೆ ಮಹಾಡದಲ್ಲಿ ಸೇರಿದಾಗ ಬಾಬಾಸಾಹೇಬರು ಹೇಳಿದ್ದರ ಸಾರ ಇಷ್ಟು: ಆ ನೀರಿಲ್ಲದೆ ನಾವೇನೂ ಸತ್ತಿರಲಿಲ್ಲ, ನಾವೂ ಎಲ್ಲರಂತೆ ಮನುಷ್ಯರು ಎಂದು ತೋರಿಸುವುದಕ್ಕೆ ಕೆರೆಗೆ ಹೋಗುತ್ತೇವೆ. ಕಲ್ಲುಬೆಂಚಿನ ಮಾತೂ ಇದೇ. ದುಡಿಯುವುದಕ್ಕೆ ಮಾತ್ರ ಹುಟ್ಟಿದವರು, ದಣಿವಾರಿಸಿಕೊಳ್ಳುವುದಕ್ಕೆ ಹುಟ್ಟಿದವರಲ್ಲ ಎಂದು ನಮ್ಮನ್ನು ಮೂರು ಸಾವಿರ ವರ್ಷ ನಂಬಿಸಿದರು. ಬಿಡುವನ್ನು ಕೇಳುವುದೂ ಬಂಡಾಯವೇ.

ವೇಳೆಯ ಮಾತೂ ಇದೆ. ನಡುಮಧ್ಯಾಹ್ನ ಪಾರ್ಕಿಗೆ ಬೀಗ ಹಾಕುವ ಪದ್ಧತಿ ಬೆಂಗಳೂರಿನಲ್ಲಿ ಬಹುಕಾಲ ಇತ್ತು. ಗಾರೆಯವರಿಗೆ, ಮನೆಗೆಲಸದ ಹೆಂಗಸರಿಗೆ ಬಿಡುವು ಸಿಗುವುದೇ ಆ ಹೊತ್ತಿನಲ್ಲಿ. 2024ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು ತೀರ್ಮಾನವಾಯಿತು. ರಾಜಧಾನಿಯಲ್ಲಿ ಆಗುವುದು ತಾಲ್ಲೂಕು ಊರಿನಲ್ಲಿ ಯಾಕಾಗಬಾರದು? ಇನ್ನು 'ಗುಂಪು ಕೂಡಬಾರದು' ಎಂಬುದಕ್ಕೆ ಬೆಂಗಳೂರೇ ತಲೆಕೆಳಗಾದ ಉದಾಹರಣೆ. ಹಳೆಯ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. 2021ರ ಆದೇಶದ ಪ್ರಕಾರ ನಗರದ ಧರಣಿ, ಪ್ರತಿಭಟನೆಗಳೆಲ್ಲ ಅಲ್ಲೇ ನಡೆಯಬೇಕು. ಉಳಿದ ಪಾರ್ಕುಗಳಲ್ಲಿ ಗುಂಪು ಕೂಡಬಾರದು, ಅದೊಂದರಲ್ಲಿ ಮಾತ್ರ ಕೂಡಬೇಕು! ಜೈಲನ್ನು ಪಾರ್ಕು ಮಾಡಿದರೋ, ಪಾರ್ಕನ್ನು ಜೈಲು ಮಾಡಿದರೋ, ಓದುಗರೇ ಹೇಳಲಿ.

ಬೇರೆಯವರನ್ನು ಬಯ್ದು ಮುಗಿಸಿದರೆ ಅದು ಅರ್ಧ ವಿಮರ್ಶೆ. ನಮ್ಮ ಹುಳುಕನ್ನೂ ಹೇಳಬೇಕು. ನಮ್ಮ ಪದ್ಯಗಳಲ್ಲಿ ಹಸಿವಿದೆ, ಬೆಂಕಿಯಿದೆ, ಚಪ್ಪಲಿಯಿದೆ. ನಮ್ಮ ಮಕ್ಕಳ ಆಟ ಎಲ್ಲಿದೆ? ಬೆಳದಿಂಗಳಲ್ಲಿ ಕುಂಟೆಬಿಲ್ಲೆ ಆಡಿದ ಅಕ್ಕತಂಗಿಯರು ಎಲ್ಲಿ? ಪಾರ್ಕಿನ ಮೂಲೆಯಲ್ಲಿ ಬಾಬಾಸಾಹೇಬರ ಪ್ರತಿಮೆಗೆ ಜಾಗ ಕೇಳಿ ಹೋರಾಡಿದೆವು. ಅದು ಸರಿಯೇ. ಆದರೆ ಪ್ರತಿಮೆ ನಿಂತ ಮೇಲೆ ವರ್ಷಕ್ಕೊಮ್ಮೆ ಹಾರ ಹಾಕಿ ಮನೆಗೆ ಬಂದೆವು. ಅದರ ನೆರಳಲ್ಲಿ ನಮ್ಮ ಅವ್ವ ಕುಳಿತಳೇ ಎಂದು ನೋಡಲಿಲ್ಲ. ಕೇರಿಯಲ್ಲಿ ಉಳಿದಿದ್ದ ಚೂರು ಬಯಲಿನಲ್ಲೂ ಹುಡುಗರೇ ವಿಕೆಟ್ ನೆಟ್ಟೆವು. ಹುಡುಗಿಯರು ಗೋಡೆಗೆ ಒರಗಿ ನೋಡುತ್ತಾ ನಿಂತರು. ಅವರಿಗೆ 'ಬಾರದು' ಎಂಬ ಬೋರ್ಡು ಹಾಕಿದವರು ನಾವೇ.

ಹಾಗಾದರೆ ಏನು ಮಾಡೋಣ? 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆಯ ಕಾಯಿದೆ ಪ್ರತಿ ಸ್ಥಳೀಯ ಸಂಸ್ಥೆಯೂ ತನ್ನ ವ್ಯಾಪ್ತಿಯ ಇಂಥ ಜಾಗಗಳ ಪಟ್ಟಿಯನ್ನು ನಕ್ಷೆ ಸಮೇತ ತಯಾರಿಸಬೇಕು ಎನ್ನುತ್ತದೆ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಆ ಪಟ್ಟಿಯನ್ನು ಕೇಳೋಣ. ಕೇರಿಯ ಬಯಲು ಅದರಲ್ಲಿ ಇದೆಯೇ ನೋಡೋಣ. ಇಲ್ಲದಿದ್ದರೆ ಸೇರಿಸಿ ಎಂದು ಅರ್ಜಿ ಹಾಕೋಣ. ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟ ಜಾತಿ, ಪಂಗಡಗಳ ಕಲ್ಯಾಣಕ್ಕೆ ಶೇ. 24.10 ಹಣ ಮೀಸಲಿಡಬೇಕು. ಅದರಲ್ಲಿ ಮಕ್ಕಳ ಆಟಕ್ಕೆ, ಹೆಂಗಸರು ಕೂರುವ ಜಾಗಕ್ಕೆ ಎಷ್ಟು ಹೋಯಿತು ಎಂದು ಲೆಕ್ಕ ಕೇಳೋಣ. ಹಳ್ಳಿಯ ಮೇಷ್ಟರುಗಳಲ್ಲಿ ಒಂದು ಕೋರಿಕೆ. ನಿಮ್ಮ ಮಕ್ಕಳಿಂದ ಊರಿನ ನಕ್ಷೆ ಬರೆಸಿ. ಯಾರು ಎಲ್ಲಿ ಆಡುತ್ತಾರೆ ಎಂದು ಗುರುತು ಹಾಕಿಸಿ. ನಮ್ಮ ಕೇರಿಗಳಿಗೆ ಮೊದಲ ನಕ್ಷೆ ಅದೇ ಆಗಲಿ.

ಹೋದ ವಾರ ನಾವು ಐದು ಜನ ಅವ್ವನನ್ನು ಕರೆದುಕೊಂಡು ಸಂಜೆ ಪಾರ್ಕಿಗೆ ಹೋದೆವು. ಕೈಯಲ್ಲಿ ಪೊರಕೆ ಇರಲಿಲ್ಲ. ಬೆಂಚಿನ ತುದಿಯಲ್ಲಿ, ಬಿದ್ದುಹೋಗುತ್ತೇನೇನೋ ಎನ್ನುವ ಹಾಗೆ ಕುಳಿತಳು. ಕಾವಲಿನವನು ನೋಡಿದ, ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವ್ವ ಹಿಂದಕ್ಕೆ ಒರಗಿಕೊಂಡಳು. "ಸಂದಾಗದೆ ಕಣ್ರಪ್ಪಾ ಗಾಳಿ" ಅಂದಳು. ಆಮೇಲೆ ಕೆಳಗೆ ಬಿದ್ದಿದ್ದ ಒಂದು ಕಾಗದವನ್ನು ಎತ್ತಲು ಬಗ್ಗಿದಳು. "ಬುಡವ್ವಾ, ಇವತ್ತು ಬೇಡ" ಅಂದೆವು. ಬಗ್ಗಿದವಳು ಹಾಗೇ ನಿಂತಳು. ಕಾಗದ ಅಲ್ಲೇ ಬಿದ್ದಿತ್ತು. ನಾವೇ ಅದನ್ನು ಎತ್ತಿ ತೊಟ್ಟಿಗೆ ಹಾಕಿದೆವು. ಅವ್ವ ಮತ್ತೆ ಕುಳಿತಳು.

ಈ ವಾರ ಹತ್ತು ಜನ ಅವ್ವಂದಿರನ್ನು ಕರೆದುಕೊಂಡು ಹೋಗುತ್ತೇವೆ. ಬೋರ್ಡಿನ ಪ್ರಕಾರ ಅದು ಗುಂಪು.