ಮೂರನೇ ಬೇಸ್ ಯಾರದು?

2025ರ ಜೂನ್ 15, ಭಾನುವಾರ. ಬಾಸ್ಟನ್ನಿನ ಫೆನ್‌ವೇ ಪಾರ್ಕ್‌ನಲ್ಲಿ ರೆಡ್ ಸಾಕ್ಸ್ ತಂಡ ನ್ಯೂಯಾರ್ಕ್ ಯಾಂಕೀಸನ್ನು 2-0ರಿಂದ ಸೋಲಿಸಿ ಸರಣಿಯ ಮೂರೂ ಪಂದ್ಯಗಳನ್ನು ಬಾಚಿಕೊಂಡಿತು. ರಫಾಯೆಲ್ ಡೆವರ್ಸ್ ಒಂದು ಹೋಮ್ ರನ್ ಹೊಡೆದಿದ್ದರು. ಯಾಂಕೀಸನ್ನು ಹೀಗೆ ಬಗ್ಗುಬಡಿದ ದಿನ ಬಾಸ್ಟನ್ ಅಭಿಮಾನಿಗೆ ಹಬ್ಬದೂಟವೇ ಬೇಕಿಲ್ಲ. ಆ ಸಂಭ್ರಮ ಸಂಜೆಯವರೆಗೂ ಉಳಿಯಲಿಲ್ಲ. ತಂಡ ಮುಂದಿನ ಪಂದ್ಯಕ್ಕೆಂದು ಸಿಯಾಟಲ್‌ಗೆ ಹೊರಡುವ ಹೊತ್ತಿಗೆ ಡೆವರ್ಸ್‌ರನ್ನು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡಕ್ಕೆ ಕೊಟ್ಟು ಬದಲಿಗೆ ನಾಲ್ವರನ್ನು ಪಡೆದ ಸುದ್ದಿ ಹೊರಬಿತ್ತು. ಅಲ್ಲಿಯವರೆಗೆ ಆ ಋತುವಿನಲ್ಲಿ 15 ಹೋಮ್ ರನ್ ಹೊಡೆದು, 58 ರನ್ ತಂದುಕೊಟ್ಟಿದ್ದವರು ಅವರು. ಹತ್ತು ವರ್ಷಕ್ಕೆ 31 ಕೋಟಿ 35 ಲಕ್ಷ ಡಾಲರ್ ಕೊಡುತ್ತೇವೆಂದು ಇದೇ ಸಂಸ್ಥೆ 2023ರಲ್ಲಿ ಅವರೊಂದಿಗೆ ಒಪ್ಪಂದ ಮಾಡಿಕೊಂಡಿತ್ತು.

ಜಗಳ ಹುಟ್ಟಿದ್ದು ಮೈದಾನದ ಒಂದು ಮೂಲೆಗಾಗಿ. ಡೆವರ್ಸ್ ವರ್ಷಗಳಿಂದ ಮೂರನೇ ಬೇಸ್ ಕಾಯುತ್ತಿದ್ದವರು. ಬ್ಯಾಟ್ ಹಿಡಿದರೆ ಸಿಂಹ, ಗ್ಲೌಸ್ ತೊಟ್ಟರೆ ಅಷ್ಟಕ್ಕಷ್ಟೆ. ಫೀಲ್ಡಿಂಗ್ ತಪ್ಪುಗಳ ಪಟ್ಟಿಯಲ್ಲಿ ಅವರ ಹೆಸರು ಮೇಲೇ ಇರುತ್ತಿತ್ತು. 2025ರ ಫೆಬ್ರವರಿಯಲ್ಲಿ ತಂಡ ಅಲೆಕ್ಸ್ ಬ್ರೆಗ್‌ಮನ್‌ರನ್ನು ತಂದಿತು. ಹಿಂದಿನ ವರ್ಷವಷ್ಟೇ ಮೂರನೇ ಬೇಸ್‌ನ ಫೀಲ್ಡಿಂಗ್ ಪ್ರಶಸ್ತಿ ಗೋಲ್ಡ್ ಗ್ಲವ್ ಗೆದ್ದವರು ಅವರು. ಡೆವರ್ಸ್‌ಗೆ ಉಳಿದದ್ದು ಡೆಸಿಗ್ನೇಟೆಡ್ ಹಿಟರ್ ಕೆಲಸ, ಅಂದರೆ ಫೀಲ್ಡಿಂಗ್ ಇಲ್ಲದೆ ಬ್ಯಾಟಿಂಗ್ ಮಾತ್ರ. ಮೂರನೇ ಬೇಸ್ ನನ್ನದು ಎಂದು ಮೊದಲು ಹಠ ಹಿಡಿದರು, ಆಮೇಲೆ ಒಪ್ಪಿದರು. ಋತುವಿನ ಮೊದಲ ಐದು ಪಂದ್ಯಗಳಲ್ಲಿ 15 ಬಾರಿ ಸ್ಟ್ರೈಕ್‌ಔಟ್ ಆದರು, ಬರಬರುತ್ತಾ ಕುದುರಿಕೊಂಡರು. ಮೇ 2ರಂದು ತಂಡದ ಮೊದಲ ಬೇಸ್ ಕಾಯುತ್ತಿದ್ದ ಟ್ರಿಸ್ಟನ್ ಕಾಸಸ್ ಮೊದಲ ಬೇಸ್ ಕಡೆ ಓಡುವಾಗ ಮೊಣಕಾಲಿನ ಸ್ನಾಯುರಜ್ಜು ಹರಿದು ಬಿದ್ದರು. ಮೊದಲ ಬೇಸ್‌ಗೆ ಜನ ಬೇಕಾಯಿತು. ಆಡಳಿತ ಮತ್ತೆ ಡೆವರ್ಸ್ ಬಾಗಿಲು ತಟ್ಟಿತು. ಈ ಸಲ ಆಗುವುದಿಲ್ಲ ಎಂದರು. ಮಾಲೀಕ ಜಾನ್ ಹೆನ್ರಿ ವಿಮಾನ ಹತ್ತಿ ತಂಡ ಆಡುತ್ತಿದ್ದ ಕಾನ್ಸಸ್ ಸಿಟಿಗೇ ಹೋಗಿ ಮಾತಾಡಿದರೂ ಕೆಲಸವಾಗಲಿಲ್ಲ.

ಆ ತಿಂಗಳುಗಳಲ್ಲಿ ಬಾಸ್ಟನ್ ಅಭಿಮಾನಿಗಳು ನಡೆಸಿದ ವಾದವನ್ನು, ಒಂದು ನಾಟಕವನ್ನೋ ಸಿನಿಮಾವನ್ನೋ ತೂಗಿದಂತೆ ತೂಗಿ ನೋಡಬಹುದು ಅನ್ನಿಸುತ್ತದೆ. ಬೇಸ್‌ಬಾಲ್ ನಿಧಾನದ ಆಟ. ಎರಡು ಎಸೆತಗಳ ನಡುವೆ ಮಾತಿಗೆ ಜಾಗವಿರುತ್ತದೆ, ಆ ಜಾಗದಲ್ಲೇ ಅಭಿಮಾನಿ ಬದುಕುತ್ತಾನೆ. ಆದರೆ ಎಲ್ಲ ಮಾತೂ ಒಂದೇ ತೂಕದ್ದಲ್ಲ. ಬಾಸ್ಟನ್ನಿನವರು ಅತಿ ಹೆಚ್ಚು ಗಂಟಲು ಹರಿದುಕೊಳ್ಳುವುದು ಅತಿ ಕಡಿಮೆ ವ್ಯತ್ಯಾಸ ಮಾಡುವ ಸಂಗತಿಗೆ. ಯಾರು ಎಲ್ಲಿ ನಿಲ್ಲಬೇಕು ಎಂಬಲ್ಲಿ ಅವರ ಮಾತಿಗೆ ನಿಜವಾದ ಹರಿತವಿದೆ. ತಮ್ಮ ಮೈದಾನದ ಮಾತು ಬಂದರೆ ಮಾತ್ರ ವಿಮರ್ಶೆಯನ್ನು ಬದಿಗಿಟ್ಟು ಭಜನೆಗೆ ಕೂತುಬಿಡುತ್ತಾರೆ.

ಬ್ಯಾಟಿಂಗ್ ಕ್ರಮದ ತಕರಾರನ್ನು ಬೇಗ ಮುಗಿಸಿಬಿಡೋಣ. ಪಂದ್ಯಕ್ಕೆ ಕೆಲವು ಗಂಟೆ ಮೊದಲು ಮ್ಯಾನೇಜರ್ ಒಂಬತ್ತು ಹೆಸರುಗಳ ಪಟ್ಟಿ ಬಿಡುತ್ತಾರೆ, ಅದರ ಬೆನ್ನಿಗೇ ಬೈಗುಳವೂ ಶುರುವಾಗುತ್ತದೆ. ಎಡಗೈ ಪಿಚರ್ ಎದುರು ಇವನನ್ನು ಮೊದಲು ಯಾಕೆ ಕಳಿಸಿದ, ಅಷ್ಟು ಚೆನ್ನಾಗಿ ಹೊಡೆಯುವವನನ್ನು ಆರನೆಯವನಾಗಿ ಯಾಕೆ ಹೂತ. ಕ್ರಿಕೆಟ್‌ನಲ್ಲಿ ಔಟಾದವನ ಇನಿಂಗ್ಸ್ ಅಲ್ಲಿಗೇ ಮುಗಿಯಿತು. ಇಲ್ಲಿ ಒಂಬತ್ತೂ ಜನ ಸುತ್ತಿಸುತ್ತಿ ಬರುತ್ತಲೇ ಇರುತ್ತಾರೆ. ಪಟ್ಟಿಯಲ್ಲಿ ಒಂದು ಸ್ಥಾನ ಕೆಳಗಿಳಿದರೆ 162 ಪಂದ್ಯಗಳ ಋತುವಿನಲ್ಲಿ ಕಳೆದುಹೋಗುವುದು ಹದಿನೈದು-ಇಪ್ಪತ್ತು ಸರದಿ. ಮಾಮೂಲಿ ಮ್ಯಾನೇಜರ್ ಬರೆದ ಕ್ರಮಕ್ಕೂ ಲೆಕ್ಕಿಗರು ಹೆಣೆದ ಅತ್ಯುತ್ತಮ ಕ್ರಮಕ್ಕೂ ಇಡೀ ಋತುವಿನಲ್ಲಿ ವ್ಯತ್ಯಾಸ ಹತ್ತು-ಹದಿನೈದು ರನ್ ಎಂಬುದು ಈ ವಿದ್ಯೆಯವರ ಅಂದಾಜು. ಹತ್ತು ರನ್ನಿಗೆ ಒಂದು ಗೆಲುವು ಎಂಬುದು ಅವರದೇ ಇನ್ನೊಂದು ಲೆಕ್ಕ. ಒಂದು ಗೆಲುವಿಗೆ ಆರು ತಿಂಗಳ ಕೂಗಾಟ!

ಒಂದು ಗೆಲುವು ಸಣ್ಣದೇ ಎಂದು ಅವರು ಕೇಳಬಹುದು, ಕೇಳುವ ಹಕ್ಕೂ ಅವರಿಗಿದೆ. 1978ರಲ್ಲಿ 162 ಪಂದ್ಯ ಮುಗಿದಾಗ ಬಾಸ್ಟನ್ ಮತ್ತು ಯಾಂಕೀಸ್ ತಲಾ 99 ಗೆದ್ದು ಸಮಸಮವಾಗಿದ್ದವು. ಅಕ್ಟೋಬರ್ 2ರಂದು ಫೆನ್‌ವೇಯಲ್ಲಿ ಆಡಿಸಿದ ಹೆಚ್ಚುವರಿ ಪಂದ್ಯದಲ್ಲಿ ಬಾಸ್ಟನ್ನಿನ ಕತೆ ಮುಗಿಸಿದ್ದು ಯಾಂಕೀಸಿನ ಬಕಿ ಡೆಂಟ್ ಹೊಡೆದ ಹೋಮ್ ರನ್. ಡೆಂಟ್ ಅಂದು ಬ್ಯಾಟ್ ಮಾಡಿದ್ದು ಒಂಬತ್ತನೆಯವರಾಗಿ, ಪಟ್ಟಿಯ ಕಟ್ಟಕಡೆಗೆ. ಕ್ರಮವನ್ನು ಎಷ್ಟು ತಿದ್ದಿದರೂ ಚೆಂಡು ಯಾರ ಬ್ಯಾಟಿಗೆ ಯಾವಾಗ ಸಿಗುತ್ತದೆಂದು ಹೇಳಲಾಗದು. ಚೆಂಡು ದಾಟಿದ್ದು ಎಡಗಡೆಯ ಹಸಿರು ಗೋಡೆಯನ್ನು. ಬೇರೆ ಮೈದಾನವಾಗಿದ್ದರೆ ಫೀಲ್ಡರ್ ಗ್ಲೌಸಿಗೇ ಬೀಳುತ್ತಿತ್ತೋ ಏನೋ. ಆ ಗೋಡೆಯ ಸಂಗತಿ ಬಂದರೆ ಮಾತಿನ ಮಟ್ಟವೇ ಬೇರೆಯಾಗುತ್ತದೆ.

ಗ್ರೀನ್ ಮಾನ್‌ಸ್ಟರ್ ಎಂದು ಹೆಸರಾದ ಅದರ ಎತ್ತರ 37 ಅಡಿ 2 ಅಂಗುಲ. ಎಡಗಡೆಯ ಗೆರೆಯುದ್ದಕ್ಕೂ ಹೋದರೆ ಬ್ಯಾಟರ್‌ನಿಂದ 310 ಅಡಿ, ಅಷ್ಟೇ. ಹಿಂದೆ ಬೀದಿಯಿದೆ, ಜಾಗ ಸಾಲದ್ದಕ್ಕೆ ಮೇಲಕ್ಕೆ ಬೆಳೆದ ಗೋಡೆ ಅದು. ಬುಡದಲ್ಲಿ ಇಂದಿಗೂ ಕೈಯಿಂದಲೇ ಅಂಕಿ ಬದಲಿಸುವ ಸ್ಕೋರ್‌ಬೋರ್ಡು, ಮೈಮೇಲೆ ಒಂದು ಏಣಿ. ಚೆಂಡು ಗಟ್ಟಿ ಮೈಗೆ ಬಡಿದರೆ ದೂರ ಚಿಮ್ಮುತ್ತದೆ, ಸ್ಕೋರ್‌ಬೋರ್ಡಿನ ತಗಡಿಗೆ ಬಡಿದರೆ ಅಲ್ಲೇ ಸತ್ತು ಬೀಳುತ್ತದೆ, ಏಣಿಗೆ ಬಡಿದರೆ ದೇವರೇ ಗತಿ. ಬಾಸ್ಟನ್ನಿನ ಹಳೆಯ ಲೆಫ್ಟ್ ಫೀಲ್ಡರ್ ಕಾರ್ಲ್ ಯಸ್ಟ್ರೆಂಸ್ಕಿ ಈ ಗೋಡೆಯನ್ನು ಅರೆದು ಕುಡಿದಿದ್ದರು. ತಲೆಯ ಮೇಲೆ ಹೋಗಲಿರುವ ಚೆಂಡನ್ನು ಹಿಡಿಯುವವರಂತೆ ನಿಂತು ನಟಿಸುವರು. ಓಡುವವನು ಅನುಮಾನಿಸಿ ನಿಂತರೆ, ಗೋಡೆಗೆ ಬಡಿದು ಬಂದ ಚೆಂಡನ್ನೆತ್ತಿ ಎರಡನೇ ಬೇಸ್‌ಗೆ ಎಸೆಯುವರು.

ಇದನ್ನು ಮರೆತವರಿಗೆ 2015 ಒಂದು ಪಾಠ. ಹ್ಯಾನ್ಲಿ ರಮೀರೆಜ್ ಶಾರ್ಟ್‌ಸ್ಟಾಪ್ ಆಗಿ ಬೆಳೆದವರು. ನಾಲ್ಕು ವರ್ಷಕ್ಕೆ 8 ಕೋಟಿ 80 ಲಕ್ಷ ಡಾಲರ್ ಕೊಟ್ಟು ಕರೆತಂದು ಲೆಫ್ಟ್ ಫೀಲ್ಡ್‌ನಲ್ಲಿ ನಿಲ್ಲಿಸಿದರು. ಅಲ್ಲಿ ಓಡಾಡಬೇಕಾದ ನೆಲ ಕಡಿಮೆ, ಆದ್ದರಿಂದ ಸುಲಭ ಎಂಬುದು ಕಾಗದದ ತರ್ಕ. ಗೋಡೆಯಿಂದ ಪುಟಿದ ಚೆಂಡು ಎತ್ತ ಹೋದೀತೆಂದು ತಿಳಿಯದೆ ರಮೀರೆಜ್ ತಬ್ಬಿಬ್ಬಾದರು. ಮರುವರ್ಷ ಅವರನ್ನು ಮೊದಲ ಬೇಸ್‌ಗೆ ಕಳಿಸಬೇಕಾಯಿತು. ಹಳೆಯ ಅಭಿಮಾನಿಗಳು ಮೊದಲೇ ತಲೆಯಾಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಕುರ್ಚಿಯಲ್ಲಿ ಕೂತು ಹತ್ತಾರು ವರ್ಷ ಗೋಡೆಗೆ ಚೆಂಡು ಬಡಿಯುವುದನ್ನು ನೋಡಿದವರಿಗೆ ಆ ಜಾಗದ ಕಷ್ಟ ಅಂಕಿಅಂಶ ಇಲ್ಲದೆಯೂ ಗೊತ್ತು. ಬಲಗಡೆಯ ಕತೆ ತದ್ವಿರುದ್ಧ. ಬಲ ಗೆರೆಯ ಕೊನೆಯ ಪೆಸ್ಕಿ ಪೋಲ್ ಎಂಬ ಕಂಬದ ಬಳಿ 302 ಅಡಿಯಷ್ಟೇ ಇದ್ದರೂ ಅಲ್ಲಿಂದ ಬೇಲಿ ಸರ್ರನೆ ಹಿಂದೆ ಸರಿದು, ಬದಲಿ ಪಿಚರ್‌ಗಳು ತಯಾರಾಗುವ ಬುಲ್‌ಪೆನ್‌ಗಳ ಮುಂದೆ 380 ಅಡಿಯಾಗುತ್ತದೆ. ಆ ಬಯಲನ್ನು ಕಾಯಲು ಸೆಂಟರ್ ಫೀಲ್ಡರನ ಕಾಲು ಬೇಕು. 2025ರ ಬೇಸಿಗೆಯಲ್ಲಿ ಡುರಾನ್, ರಫೇಲಾ, ಅಬ್ರೆಯು ಮೂವರೂ ಇದ್ದಾಗಲೇ ರೋಮನ್ ಆಂಟನಿ ಬಂದರು. ಔಟ್‌ಫೀಲ್ಡಿನ ಮೂರು ಜಾಗಕ್ಕೆ ನಾಲ್ಕು ಜನ. ಆಗ ನಡೆದ ವಾದ ನನ್ನ ಮಟ್ಟಿಗೆ ಆ ವರ್ಷದ ಅತ್ಯುತ್ತಮ ಮಾತುಗಾರಿಕೆ. ಯಾರು ದೊಡ್ಡವರು ಎಂಬ ಪ್ರಶ್ನೆ ಹಿಂದೆ ಸರಿದು, ಯಾರ ಓಟ ಯಾವ ಮೂಲೆಗೆ ಒಪ್ಪುತ್ತದೆ ಎಂಬುದು ಮುಂದೆ ಬಂದಿತ್ತು.

ಡೆವರ್ಸ್ ವಾದದಲ್ಲಿ ಈ ಹದ ತಪ್ಪಿತು. ಒಂದು ಬಣ: ಇಷ್ಟು ಕೋಟಿ ತಿಂದವನು ಹೇಳಿದಲ್ಲಿ ನಿಲ್ಲಲಿ. ಇನ್ನೊಂದು ಬಣ: ಮಾತು ಕೊಟ್ಟು ಮುರಿದದ್ದು ಆಡಳಿತ, ಆಟಗಾರನದೇನು ತಪ್ಪು. ಎರಡೂ ನೀತಿಯ ಮಾತು, ಆಟದ ಮಾತಲ್ಲ. ಮೊದಲ ಬೇಸ್‌ನವನ ಗ್ಲೌಸಿನ ಆಕಾರವೇ ಬೇರೆ, ಕಾಲಿಡುವ ರೀತಿಯೇ ಬೇರೆ. ಪಕ್ಕದವರು ಆತುರದಲ್ಲಿ ನೆಲಕ್ಕೆ ಎಸೆದದ್ದನ್ನು ಬಾಚಿಕೊಳ್ಳುವ ವಿದ್ಯೆ ಒಂದು ವಾರದಲ್ಲಿ ಬರುವಂಥದ್ದಲ್ಲ. ಋತುವಿಗೆ ಮುಂಚಿನ ಶಿಬಿರದಲ್ಲಿ ಗ್ಲೌಸ್ ಒಳಗಿಡು ಎಂದವರೇ ಈಗ ಇನ್ನೊಂದು ಗ್ಲೌಸ್ ಕೊಡುತ್ತಿದ್ದಾರೆ ಎಂಬುದು ಡೆವರ್ಸ್ ದೂರಾಗಿತ್ತು. ಅವರು ಪತ್ರಕರ್ತರೊಂದಿಗೆ ಮಾತಾಡುತ್ತಿದ್ದದ್ದು ಸ್ಪ್ಯಾನಿಷ್‌ನಲ್ಲಿ, ದುಭಾಷಿಯ ಮೂಲಕ. ಇನ್ನೊಬ್ಬರ ಬಾಯಿಂದ ಬಂದ ಮಾತಿನ ಧಾಟಿ ಹಿಡಿದು ಅವರ ಸ್ವಭಾವಕ್ಕೇ ತೀರ್ಪು ಕೊಟ್ಟವರು ಕಡಿಮೆಯಿರಲಿಲ್ಲ. ಇಷ್ಟು ಹೇಳಿಯೂ, ಡೆವರ್ಸ್ ಹಠಕ್ಕೆ ನನ್ನ ಪೂರ್ತಿ ಒಪ್ಪಿಗೆಯಿಲ್ಲ. ಬಾಸ್ಟನ್ 2020ರಲ್ಲಿ ಕೈಬಿಟ್ಟ ಮುಕಿ ಬೆಟ್ಸ್ ಎರಡನೇ ಬೇಸ್‌ನಿಂದ ಔಟ್‌ಫೀಲ್ಡಿಗೆ ಹೋಗಿ ಹೆಸರು ಮಾಡಿ, ಮೂವತ್ತು ದಾಟಿದ ಮೇಲೆ ಲಾಸ್ ಏಂಜಲೀಸ್‌ನಲ್ಲಿ ಶಾರ್ಟ್‌ಸ್ಟಾಪ್ ಕಲಿತರು. ನಮ್ಮ ರಾಹುಲ್ ದ್ರಾವಿಡ್ 2003ರ ವಿಶ್ವಕಪ್‌ನಲ್ಲಿ ವಿಕೆಟ್ ಕೀಪಿಂಗ್ ಗ್ಲೌಸ್ ತೊಟ್ಟದ್ದೂ ತಂಡಕ್ಕೆ ಒಬ್ಬ ಹೆಚ್ಚಿನ ಬ್ಯಾಟ್ಸ್‌ಮನ್ ಬೇಕೆಂದೇ. ಡೆವರ್ಸ್ ಕೂಡ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಪರ ಮೊದಲ ಬೇಸ್‌ನಲ್ಲಿ ನಿಂತರು! ಕೆಲಸದ ಮೇಲಲ್ಲ, ಕೇಳಿದವರ ಮೇಲೆ ಅವರಿಗಿದ್ದ ಸಿಟ್ಟು ಎಂದು ಆಗ ಸ್ಪಷ್ಟವಾಯಿತು.

ಈ ಗದ್ದಲದಲ್ಲಿ ಯಾರ ಗಮನಕ್ಕೂ ಸರಿಯಾಗಿ ಬಾರದೆ ಹೋದವರು ಕ್ರಿಸ್ಟಿಯನ್ ಕ್ಯಾಂಬೆಲ್. ಏಪ್ರಿಲ್‌ನಲ್ಲಿ ಹೊಸಬರ ತಿಂಗಳ ಪ್ರಶಸ್ತಿ ಗೆದ್ದ ಹುಡುಗ. ಎರಡನೇ ಬೇಸ್ ಇನ್ನೂ ಪೂರ್ತಿ ಕೈಗೆ ಹತ್ತಿರಲಿಲ್ಲ. ಡೆವರ್ಸ್ ಒಲ್ಲೆನೆಂದ ಮೇಲೆ ಮೊದಲ ಬೇಸ್‌ನ ಅಭ್ಯಾಸವೂ ಅವರ ಹೆಗಲೇರಿತು. ಬ್ಯಾಟ್ ಮಂಕಾಯಿತು, ಜೂನ್‌ನಲ್ಲಿ ಕೆಳಗಿನ ದರ್ಜೆಯ ತಂಡಕ್ಕೆ ಹೋದರು. ಜಾಗ ಬದಲಾವಣೆಯೊಂದೇ ಅದಕ್ಕೆ ಕಾರಣ ಎನ್ನಲಾರೆ. ಆದರೆ ಕೋಟಿಗಳ ಒಪ್ಪಂದದ ಬಗ್ಗೆ ಹರಿದ ಮಾತಿನ ನೂರರಲ್ಲೊಂದು ಪಾಲು ಈ ಹುಡುಗನ ಪಾಲಿಗೆ ಬಂದಿದ್ದರೆ ಅಭಿಮಾನಿಗಳ ಕಣ್ಣನ್ನು ಇನ್ನಷ್ಟು ಮೆಚ್ಚುತ್ತಿದ್ದೆ.

ಜಾಗದ ವಾದ ಎಷ್ಟು ನಿಜವಾದದ್ದೆನ್ನಲು 1986ರ ಅಕ್ಟೋಬರ್ 25 ಸಾಕು. ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ, ನ್ಯೂಯಾರ್ಕಿನ ಶೇ ಸ್ಟೇಡಿಯಂ. ಮೊದಲ ಬೇಸ್‌ನಲ್ಲಿದ್ದ ಬಾಸ್ಟನ್ನಿನ ಬಿಲ್ ಬಕ್ನರ್ ಕಾಲು ಗಂಟಿನ ನೋವಿನಲ್ಲಿ ಕುಂಟುತ್ತಿದ್ದರು. ಹಿಂದಿನ ಪಂದ್ಯಗಳಲ್ಲಿ ಮುನ್ನಡೆ ಸಿಕ್ಕಾಗ ಮ್ಯಾನೇಜರ್ ಜಾನ್ ಮೆಕ್‌ನಮಾರಾ ಕೊನೆಗೆ ಅವರನ್ನು ಕೂರಿಸಿ ಡೇವ್ ಸ್ಟೇಪಲ್ಟನ್‌ರನ್ನು ಇಳಿಸುತ್ತಿದ್ದರು. ಆ ರಾತ್ರಿ ಇಳಿಸಲಿಲ್ಲ. ಹತ್ತನೇ ಇನಿಂಗ್ಸ್‌ನಲ್ಲಿ ಎದುರಾಳಿ ತಂಡದ ಮುಕಿ ವಿಲ್ಸನ್ ಹೊಡೆದ ಚೆಂಡು ಬಕ್ನರ್ ಕಾಲ ಸಂದಿಯಲ್ಲಿ ನುಸುಳಿತು. ಅದಕ್ಕೂ ಮೊದಲೇ ಹಾದಿ ತಪ್ಪಿದ ಒಂದು ಎಸೆತದಿಂದ ಪಂದ್ಯ ಸಮವಾಗಿತ್ತೆಂಬುದನ್ನು ಊರು ಮರೆತು, ಪಟ್ಟಿ ಬರೆದವರನ್ನು ಬಿಟ್ಟು ಕುಂಟುತ್ತಿದ್ದವರನ್ನು ಹಿಡಿದುಕೊಂಡಿತು. 2008ರಲ್ಲಿ ಫೆನ್‌ವೇಯಲ್ಲಿ ಜನ ಎದ್ದು ನಿಂತು ಬಕ್ನರ್‌ಗೆ ಚಪ್ಪಾಳೆ ತಟ್ಟಿದರು. ನಡುವೆ ಎರಡು ಟ್ರೋಫಿ ಬಂದಿದ್ದವು, ಅದಕ್ಕೇ ಮನಸ್ಸು ದೊಡ್ಡದಾಯಿತೆಂದು ಅನುಮಾನಿಸುವವರಲ್ಲಿ ನಾನೂ ಒಬ್ಬ.

ಇನ್ನು ಮೈದಾನ. 1912ರ ಏಪ್ರಿಲ್ 20ರಂದು ಶುರುವಾದ ಫೆನ್‌ವೇ ಇಂದು ಮೇಜರ್ ಲೀಗ್‌ನ ಅತ್ಯಂತ ಹಳೆಯ ಮೈದಾನ. ಗ್ರ್ಯಾಂಡ್‌ಸ್ಟ್ಯಾಂಡಿನ ಮರದ ಕುರ್ಚಿಗಳು ಹಿಂದಿನ ಕಾಲದ ಸಣಕಲು ಮೈಗೆ ಮಾಡಿದಂತಿವೆ. ಮೊಣಕಾಲು ಮುಂದಿನವರ ಬೆನ್ನಿಗೆ ಒತ್ತುತ್ತದೆ. ಚಾವಣಿ ಹೊತ್ತ ಕಂಬಗಳು ಕೆಲವರಿಗೆ ಪಿಚರನ್ನೂ ಕೆಲವರಿಗೆ ಬ್ಯಾಟರನ್ನೂ ಮರೆಮಾಡುತ್ತವೆ. ಬಲಗಡೆಯ ಎಷ್ಟೋ ಕುರ್ಚಿಗಳು ಬ್ಯಾಟರ್ ಕಡೆ ಮುಖ ಮಾಡಿಯೇ ಇಲ್ಲ. ಒಂಬತ್ತು ಇನಿಂಗ್ಸ್ ಕತ್ತು ತಿರುಗಿಸಿ ಕೂತವರಿಗೆ ಮರುದಿನ ನೋವಿನೆಣ್ಣೆ ಬೇಕು. 2003ರಿಂದ 2013ರವರೆಗೆ ಸತತ 820 ಪಂದ್ಯಗಳಿಗೆ ಟಿಕೆಟ್ ಖಾಲಿ ಎಂದು ಸಂಸ್ಥೆ ಹೇಳಿಕೊಂಡಿತು. ಅದು ಹಂಚಿದ ಟಿಕೆಟ್ಟಿನ ಲೆಕ್ಕ, ಕುಳಿತವರದ್ದಲ್ಲ ಎಂಬ ಟೀಕೆ ಆಗಲೇ ಇತ್ತು. ಲೆಫ್ಟ್ ಫೀಲ್ಡರ್ ಅರ್ಧ ಹೆಜ್ಜೆ ತಡವಾದರೆ ಹಿಡಿದು ಜಾಡಿಸುವ ಜನ, ದುಡ್ಡು ಕೊಟ್ಟು ಕಂಬ ನೋಡಿ ಬಂದದ್ದನ್ನು ಪುಣ್ಯಕ್ಷೇತ್ರದ ಕಷ್ಟವೆಂಬಂತೆ ಹೆಮ್ಮೆಯಿಂದ ಹೇಳುತ್ತಾರೆ.

ಈ ಭಕ್ತಿಯಿಂದ ಒಳ್ಳೆಯದೂ ಆಗಿದೆ, ಇಲ್ಲವೆನ್ನುವುದು ಅನ್ಯಾಯ. 1999ರಲ್ಲಿ ಆಗಿನ ಆಡಳಿತ ಪಕ್ಕದಲ್ಲೇ ಹೊಸ ಮೈದಾನ ಕಟ್ಟುವ ಯೋಜನೆ ಹೊರಡಿಸಿದಾಗ ಅಭಿಮಾನಿಗಳು ಸಂಘ ಕಟ್ಟಿ ಎದುರು ನಿಂತರು. 2002ರಲ್ಲಿ ಬಂದ ಹೊಸ ಮಾಲೀಕರು ಹಳೆಯದನ್ನೇ ದುರಸ್ತಿ ಮಾಡುವ ದಾರಿ ಹಿಡಿದರು. ಮರುವರ್ಷ ಗೋಡೆಯ ನೆತ್ತಿಯ ಮೇಲೂ ಆಸನಗಳು ಬಂದವು. ಗೋಡೆ ಹೋಗಿದ್ದರೆ ಲೆಫ್ಟ್ ಫೀಲ್ಡಿನ ವಾದವೂ ಹೋಗುತ್ತಿತ್ತು, ನಾನು ಹೊಗಳಿದ ಹರಿತವೂ.

ಆದರೆ ಆ ಹಾಡನ್ನು ಮಾತ್ರ ಒಪ್ಪಲಾರೆ. ಎಂಟನೇ ಇನಿಂಗ್ಸ್‌ನ ನಡುವೆ ಧ್ವನಿವರ್ಧಕದಲ್ಲಿ ನೀಲ್ ಡೈಮಂಡ್‌ರ ‘ಸ್ವೀಟ್ ಕ್ಯಾರೊಲೈನ್’ ಬರುತ್ತದೆ. 2002ರಿಂದ ಇದು ಪ್ರತಿ ಪಂದ್ಯದ ಪದ್ಧತಿ. ತಂಡ ಎಂಟು ರನ್ ಹಿಂದಿದ್ದರೂ ಸುಮಾರು 37,000 ಜನ ಎದ್ದು ನಿಂತು ಹಾಡುತ್ತಾರೆ. ಪ್ರವಾಸಿಗರಿಗೆ ಖುಷಿ, ಇರಲಿ. ಆದರೆ ಎಂಟನೇ ಇನಿಂಗ್ಸ್ ಎಂದರೆ ಮ್ಯಾನೇಜರ್ ಪಿಚರ್ ಬದಲಿಸಬೇಕೇ, ಕುಂಟುವವರನ್ನು ಕೂರಿಸಬೇಕೇ, ಬದಲಿ ಬ್ಯಾಟರನ್ನು ಕಳಿಸಬೇಕೇ ಎಂದು ಲೆಕ್ಕ ಹಾಕುವ ಹೊತ್ತು. 2003ರಲ್ಲಿ ಯಾಂಕೀಸ್ ಎದುರಿನ ಸರಣಿಯ ಏಳನೇ ಪಂದ್ಯದಲ್ಲಿ ಮ್ಯಾನೇಜರ್ ಗ್ರೇಡಿ ಲಿಟಲ್ ದಣಿದಿದ್ದ ಪಿಚರ್ ಪೆಡ್ರೊ ಮಾರ್ಟಿನೆಜ್‌ರನ್ನು ಬದಲಿಸದೆ ಕೆಲಸ ಕಳೆದುಕೊಂಡದ್ದು ಎಂಟನೇ ಇನಿಂಗ್ಸ್‌ನಲ್ಲೇ. ಬುಲ್‌ಪೆನ್‌ನಲ್ಲಿ ಯಾರು ಕೈ ಬಿಸಿ ಮಾಡಿಕೊಳ್ಳುತ್ತಿದ್ದಾರೆಂದು ಅಭಿಮಾನಿಗಳು ಕಣ್ಣಿಟ್ಟು ನೋಡಬೇಕಾದ ಆ ಎರಡು ನಿಮಿಷ ಎಲ್ಲರ ಕೈ ಮೇಲೆ, ಬಾಯಿ ಹಾಡಿಗೆ. ಯಾಕೆ ಬದಲಿಸಲಿಲ್ಲ ಎಂದು ಮರುದಿನ ಬೆಳಿಗ್ಗೆ ಕೂಗಾಡುವವರೂ ಇವರೇ.